ಕಳಿಸಿದವನಿಗೂ ಪಾಲಿದೆಯೇ?

"ನಾನೇನೂ ಬರೆದದ್ದಲ್ಲ ಫಾದರ್, ಬಂದದ್ದನ್ನು ಕಳಿಸಿದೆ ಅಷ್ಟೆ" ಎಂದು ವಾಟ್ಸಾಪ್ ವಿಷಯ ಬಂದಾಗಲೆಲ್ಲ ನಿಮ್ಮಲ್ಲಿ ಅನೇಕರು ಹೇಳುತ್ತೀರಿ. ಹಾಗಾದರೆ ಕಳಿಸಿದವನಿಗೆ ಹೊಣೆಯೇ ಇಲ್ಲವೇ?

2018ರ ಜುಲೈ 13ರಂದು ಬೀದರ್ ಜಿಲ್ಲೆಯಲ್ಲಿ ನಡೆದದ್ದನ್ನು ನೆನಪಿಸಿಕೊಳ್ಳಿ. ಹೈದರಾಬಾದಿನಿಂದ ಬಂದಿದ್ದ ಗೆಳೆಯರು ದಾರಿಯಲ್ಲಿ ಶಾಲಾಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರೆಂಬ ಅನುಮಾನ ಹುಟ್ಟಿತು. ಅವರು ಕಾರು ಹತ್ತಿ ಹೊರಟರು. ಸುದ್ದಿ ವಾಟ್ಸಾಪಿನಲ್ಲಿ ಕಾರಿಗಿಂತ ಮೊದಲೇ ಮುರ್ಕಿ ಗ್ರಾಮ ತಲುಪಿತು. ಅಲ್ಲಿ ಜನ ರಸ್ತೆ ತಡೆದು ಹೊಡೆದರು. ಒಬ್ಬ ಯುವಕ ಪ್ರಾಣ ಬಿಟ್ಟ. ಅದೇ ತಿಂಗಳು ವಾಟ್ಸಾಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದೇ ಕಡೆ ಕಳಿಸಬಹುದೆಂದು ಮಿತಿ ಹಾಕಿತು. ಮುರ್ಕಿಗೆ ಒಂದೇ ಸಾಕಾಗಿತ್ತು.

ಕಳಿಸಿದವರಲ್ಲಿ ಹೆಚ್ಚಿನವರು ಕೆಡುಕರಲ್ಲ, ಮಕ್ಕಳಿಗಾಗಿ ಹೆದರಿದ ತಂದೆತಾಯಿಯರು ಎಂದೇ ನಾನು ನಂಬುತ್ತೇನೆ. ಕಷ್ಟವಿರುವುದೇ ಅಲ್ಲಿ. ನಮ್ಮ ಕೋಟೆ ಸೀಮೆಯ ಕಾಡಂಚಿನ ಹಳ್ಳಿಗಳಲ್ಲಿ "ಆನೆ ಇಳಿದಿದೆ" ಎಂದು ತಡಮಾಡದೆ ತಿಳಿಸುವುದು ಪರೋಪಕಾರವೇ. ಸುಮ್ಮನಿರುವುದೇ ಪುಣ್ಯವೆಂದು ಹೇಳಲಾರೆ. ಆದರೆ ಆನೆ ಎಂದರೆ ಜನ ಮನೆಯೊಳಗೆ ಸೇರುತ್ತಾರೆ. ಕಳ್ಳ ಎಂದರೆ ದೊಣ್ಣೆ ಹಿಡಿದು ಹೊರಬರುತ್ತಾರೆ. ಆಗ ನಾವು ಕಾಣದ ಒಬ್ಬ ಮನುಷ್ಯನ ವಿರುದ್ಧ ಸಾಕ್ಷಿ ಹೇಳಿದಂತಾಯಿತು. ಎಂಟನೆಯ ಕಟ್ಟಳೆ ನಮಗೆಲ್ಲ ಬಾಯಿಪಾಠ. ಬೆರಳಿಗೂ ಅದು ಅನ್ವಯಿಸುತ್ತದೆಂದು ನಮಗೆ ಹೊಳೆಯುವುದಿಲ್ಲ.

"ಸುಳ್ಳೆಂದು ಗೊತ್ತಿರಲಿಲ್ಲ" ಎನ್ನುತ್ತೀರಿ. ತಿಳಿದುಕೊಳ್ಳಬಹುದಾಗಿದ್ದೂ ತಿಳಿಯಲು ಯತ್ನಿಸದವನನ್ನು ಅವನ ಅಜ್ಞಾನ ಪೂರ್ತಿ ಬಿಡಿಸದೆಂದು ಸಂತ ತೋಮಸ್ ಅಕ್ವಿನಾಸರು 13ನೆಯ ಶತಮಾನದಲ್ಲೇ ವಾದಿಸಿದ್ದರು. ಅವರ ಕಾಲದಲ್ಲಿ ವಿಚಾರಿಸಲು ಕುದುರೆ ಹತ್ತಬೇಕಿತ್ತು. ನಮಗೆ 112ಕ್ಕೆ ಒಂದು ಕರೆ.