ನೆರೆಯವರ ಹಬ್ಬ ಮತ್ತು ನಮ್ಮ ವಿಶ್ವಾಸ

ಡಿಸೆಂಬರ್ ಬಂತೆಂದರೆ ಮಂಗಳೂರು ಕಡೆಯ ಕ್ರೈಸ್ತರ ಮನೆಗಳಲ್ಲಿ ಕುಸ್ವಾರ್ ತಯಾರಿ ಆರಂಭವಾಗುತ್ತದೆ. ನೆವರಿ, ಕಿಡಿಯೊ, ಗುಳಿಯೊ, ಚಕ್ಕುಲಿ, ರೋಸ್ ಕುಕ್ಕಿಗಳು ಡಬ್ಬಿಗಳಲ್ಲಿ ತುಂಬಿಕೊಳ್ಳುತ್ತವೆ. ಕ್ರಿಸ್‌ಮಸ್ ರಜೆಯಲ್ಲಿ ಅವು ತಟ್ಟೆಯೇರಿ ನೆರೆಮನೆಗಳಿಗೂ ಬರುತ್ತವೆ. ಆ ನೆರೆಮನೆಗಳಲ್ಲಿ ಮುಸ್ಲಿಮರ ಮನೆಗಳೂ ಇವೆ. ತಟ್ಟೆಗೆ ಕೈಯೊಡ್ಡುವಾಗ ನಮ್ಮಲ್ಲಿ ಕೆಲವರಿಗೆ ಒಂದು ಅಳುಕು: ಇದನ್ನು ಸಂತೋಷದಿಂದ ಸ್ವೀಕರಿಸಿದರೆ ನನ್ನ ಈಮಾನಿಗೆ ಕುಂದು ಬಂದೀತೇ?

ಪ್ರಿಯ ಓದುಗರೇ, ಈ ಅಳುಕನ್ನು ಗೇಲಿ ಮಾಡಬೇಕಾಗಿಲ್ಲ. ಅದರ ಹಿಂದೆ ವಿಶ್ವಾಸದ ಕಾಳಜಿಯಿದೆ. ಕ್ರೈಸ್ತರು ಈಸಾ(ಅ)ರನ್ನು ದೇವಪುತ್ರರೆಂದು ನಂಬುತ್ತಾರೆ. ನಾವು ಅವರನ್ನು ಅಲ್ಲಾಹನ ದಾಸರೂ ಪ್ರವಾದಿಯೂ ಎಂದು ನಂಬುತ್ತೇವೆ. ಇದು ಸಣ್ಣ ವ್ಯತ್ಯಾಸವಲ್ಲ. ಆದರೆ ಈ ಅಳುಕಿಗೆ ಎರಡು ತಪ್ಪು ಪರಿಹಾರಗಳು ಬಳಕೆಯಲ್ಲಿವೆ. ಬಾಗಿಲು ಮುಚ್ಚಿಕೊಳ್ಳುವುದು ಒಂದು. ಎಲ್ಲವೂ ಒಂದೇ ಎಂದು ಭಿನ್ನತೆಯನ್ನೇ ತೇಲಿಸಿಬಿಡುವುದು ಇನ್ನೊಂದು. ಮೊದಲನೆಯದು ನೆರೆಯವರಿಗೆ ಮಾಡುವ ಅನ್ಯಾಯ. ಎರಡನೆಯದು ನಮಗೂ ಅವರಿಗೂ ಮಾಡುವ ಅನ್ಯಾಯ. ಏಕೆಂದರೆ ಅವರಿಗೂ ತಮ್ಮ ನಂಬಿಕೆ ಆಟದ ವಸ್ತುವಲ್ಲ.

ಇಸ್ಲಾಮಿನ ಆರಂಭಕಾಲದ ಒಂದು ಘಟನೆಯನ್ನು ನೆನಪಿಸಿಕೊಳ್ಳಿ. ಕ್ರಿ.ಶ. 615ರ ಸುಮಾರಿಗೆ, ಕುರೈಶರ ಹಿಂಸೆ ತಾಳಲಾರದೆ, ಮುಸ್ಲಿಮರ ತಂಡವೊಂದು ಪ್ರವಾದಿವರ್ಯರ(ಸ) ಸಲಹೆಯಂತೆ ಅಬಿಸೀನಿಯಕ್ಕೆ ಹಿಜ್‌ರತ್ ಹೋಯಿತು. ಅಲ್ಲಿನ ದೊರೆ ನಜ್ಜಾಶಿ ಕ್ರೈಸ್ತರಾಗಿದ್ದರು. ನಿರಾಶ್ರಿತರನ್ನು ಹಿಂದಕ್ಕೆ ಕರೆದೊಯ್ಯಲು ಕುರೈಶರ ದೂತರು ಉಡುಗೊರೆಗಳೊಂದಿಗೆ ಬಂದರು. ಜಅ್‌ಫರ್ ಬಿನ್ ಅಬೀತಾಲಿಬ್(ರ) ಆಸ್ಥಾನದಲ್ಲಿ ಸೂರಃ ಮರ್ಯಮ್‌ನ ಆರಂಭದ ಭಾಗವನ್ನು ಓದಿದಾಗ ದೊರೆ ಕಣ್ಣೀರಿಟ್ಟರೆಂದು ಚರಿತ್ರೆಕಾರರು ಬರೆದಿದ್ದಾರೆ. ಮರುದಿನ ದೂತರು ಹೊಸ ಉಪಾಯ ಹೂಡಿದರು. ಈಸಾರ ಬಗ್ಗೆ ಇವರ ನಂಬಿಕೆ ಏನೆಂದು ಕೇಳಿ ನೋಡಿ ಎಂದರು.

ಆ ಒಂದು ಉತ್ತರದ ಮೇಲೆ ಎಲ್ಲರ ಪ್ರಾಣ ನಿಂತಿತ್ತು. ದೊರೆಗೆ ಹಿತವಾಗುವಂತೆ ಮಾತು ತಿರುಗಿಸಲು ಸಾಧ್ಯವಿತ್ತು. ಜಅ್‌ಫರ್(ರ) ಹಾಗೆ ಮಾಡಲಿಲ್ಲ. ಈಸಾ(ಅ) ಅಲ್ಲಾಹನ ದಾಸರು, ಅವನ ಸಂದೇಶವಾಹಕರು, ಕನ್ಯೆ ಮರ್ಯಮರಿಗೆ ನೀಡಲಾದ ಅವನ ವಚನ ಎಂದು ಗೌರವದಿಂದಲೇ, ಆದರೆ ಮುಚ್ಚುಮರೆಯಿಲ್ಲದೆ ಹೇಳಿದರು. ದೊರೆಯ ಅಭಯ ಉಳಿಯಿತು. ಉಡುಗೊರೆಗಳು ವಾಪಸಾದವು.

ಸೌಹಾರ್ದಕ್ಕೆ ಇದಕ್ಕಿಂತ ಗಟ್ಟಿಯಾದ ಅಡಿಗಲ್ಲು ಬೇಕೇ? ಸತ್ಯವನ್ನು ಮುಚ್ಚಿಟ್ಟು ಗಳಿಸಿದ ಸ್ನೇಹ, ಸತ್ಯ ಹೊರಬಿದ್ದ ದಿನ ಮುರಿಯುತ್ತದೆ. ಭಿನ್ನತೆ ತಿಳಿದ ಮೇಲೂ ಉಳಿಯುವ ಸ್ನೇಹವೇ ಸ್ನೇಹ.

ಧರ್ಮದ ಹೆಸರಿನಲ್ಲಿ ನಮ್ಮ ವಿರುದ್ಧ ಯುದ್ಧ ಮಾಡದವರೊಂದಿಗೆ, ನಮ್ಮನ್ನು ಮನೆಗಳಿಂದ ಹೊರಗಟ್ಟದವರೊಂದಿಗೆ ಒಳಿತಿನಿಂದಲೂ ನ್ಯಾಯದಿಂದಲೂ ವರ್ತಿಸುವುದನ್ನು ಅಲ್ಲಾಹನು ತಡೆದಿಲ್ಲವೆಂದು ಸೂರಃ ಮುಮ್ತಹಿನದ 8ನೇ ಸೂಕ್ತ ಸ್ಪಷ್ಟಪಡಿಸುತ್ತದೆ. ಅಬ್ದುಲ್ಲಾಹ್ ಬಿನ್ ಅಮ್ರ್(ರ) ತಮ್ಮ ಮನೆಯಲ್ಲಿ ಆಡು ಕೊಯ್ದಾಗ, ನಮ್ಮ ಯಹೂದಿ ನೆರೆಯವರಿಗೆ ಕೊಟ್ಟಿರಾ ಎಂದು ಮನೆಯವರನ್ನು ಮತ್ತೆ ಮತ್ತೆ ವಿಚಾರಿಸಿದ ವರದಿ ಹದೀಸ್ ಗ್ರಂಥಗಳಲ್ಲಿದೆ. ನೆರೆಯವರ ಹಕ್ಕು ಅವರ ಧರ್ಮ ನೋಡಿ ಬರುವುದಿಲ್ಲ.

ಹಾಗಾದರೆ ಈ ರಜಾದಿನಗಳಲ್ಲಿ ನಾವೇನು ಮಾಡಬೇಕು? ತಟ್ಟೆ ಬಂದಾಗ ನಗುಮೊಗದಿಂದ ಸ್ವೀಕರಿಸಿರಿ. ಕೇಕಿಗೆ ಮದ್ಯ ಬೆರೆಸಿದ್ದರೆ, ನಮಗಿದು ನಿಷಿದ್ಧವೆಂದು ಮೆಲುದನಿಯಲ್ಲಿ ತಿಳಿಸಿರಿ. ಒಳ್ಳೆಯ ನೆರೆಯವರು ಅದನ್ನು ಅವಮಾನವೆಂದು ತಿಳಿಯಲಾರರು. ಅವರ ಆರಾಧನೆಯಲ್ಲಿ ಭಾಗಿಗಳಾಗಬೇಕಾಗಿಲ್ಲ, ಅದನ್ನು ಹೀಯಾಳಿಸಲೂಬಾರದು. ಹಬ್ಬದ ಶುಭಾಶಯದ ಕುರಿತು ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ಕಾಯಿಲೆಯವರನ್ನು ವಿಚಾರಿಸಿರಿ, ಕಷ್ಟಕ್ಕೆ ಒದಗಿರಿ. ಅವರ ಅಂಗಳದ ಗೋದಲಿಯ ಅರ್ಥವನ್ನು ಅವರಿಂದಲೇ ಕೇಳಿ ತಿಳಿಯಿರಿ. ಬಳಿಕ, ಕುರ್‌ಆನಿನಲ್ಲಿ ಹೆಸರು ಹೇಳಿ ಪ್ರಸ್ತಾಪಿಸಲಾದ ಏಕೈಕ ಮಹಿಳೆ ಮರ್ಯಮ್(ಅ) ಎಂಬುದನ್ನೂ, 19ನೇ ಅಧ್ಯಾಯಕ್ಕೆ ಅವರ ಹೆಸರೇ ಇದೆಯೆಂಬುದನ್ನೂ ಅವರಿಗೆ ಹೇಳಿರಿ. ಎಷ್ಟೋ ವರ್ಷಗಳಿಂದ ಒಂದೇ ಬೇಲಿಯ ಆಚೀಚೆ ಇದ್ದೂ ಇಷ್ಟನ್ನು ಪರಸ್ಪರ ಹೇಳಿಕೊಳ್ಳದಿದ್ದರೆ, ಅದಕ್ಕೆ ಧರ್ಮ ಕಾರಣವಲ್ಲ, ನಮ್ಮ ಉದಾಸೀನವೇ ಕಾರಣ.