ಗೇಟು ಕಾಯುವವರು



ಇವತ್ತಿನ ಚಿಂತನೆಗೆ ಒಂದು ಪಾಳುಮನೆ. ಐರ್ಲೆಂಡಿನ ವಾಟರ್‌ಫರ್ಡ್ ಕೌಂಟಿಯಲ್ಲಿ, ಲಿಸ್ಮೋರ್ ಊರಿನ ಹತ್ತಿರ ಬ್ಯಾಲಿಸ್ಯಾಗರ್ಟ್‌ಮೋರ್ ಎಂಬ ಜಾಗವಿದೆ. ಅಲ್ಲಿನ ಕಾಡಿನೊಳಗೆ ಕೋಟೆಯಂಥ ಹೆಬ್ಬಾಗಿಲು, ಅದಕ್ಕಂಟಿದ ಕಾವಲು ಮನೆಗಳು. ಸೂರು ಹೋಗಿದೆ, ಗೋಡೆಗಳಿವೆ. 1830ರ ದಶಕದಲ್ಲಿ ಕಟ್ಟಿಸಿದವನು ಜಮೀನ್ದಾರ ಆರ್ಥರ್ ಕೀಲಿ-ಅಷರ್. ಗಂಡನ ಸೋದರನ ಕೋಟೆ ಕಂಡು ಹೆಂಡತಿ ಹೊಟ್ಟೆಕಿಚ್ಚುಪಟ್ಟಳಂತೆ. ಬಾಗಿಲು, ಸೇತುವೆ ಕಟ್ಟುವಷ್ಟರಲ್ಲಿ ದುಡ್ಡು ಮುಗಿಯಿತಂತೆ. (ತಪ್ಪನ್ನು ಹೆಂಗಸಿನ ತಲೆಗೆ ಕಟ್ಟುವುದು ಅಲ್ಲೂ ಇದೆ!) ಅಂದುಕೊಂಡ ಅರಮನೆ ಏಳಲೇ ಇಲ್ಲ.

1845ರಿಂದ ಆಲೂಗಡ್ಡೆ ಬೆಳೆ ರೋಗಕ್ಕೆ ಕೊಳೆತು ಕ್ಷಾಮ ಬಂತು. ಐರ್ಲೆಂಡಿನಲ್ಲಿ ಸುಮಾರು 10 ಲಕ್ಷ ಜನ ಸತ್ತರು. ಅದೇ ವರ್ಷಗಳಲ್ಲಿ ಈತ ತನ್ನ ಗೇಣಿದಾರರನ್ನು ಒಕ್ಕಲೆಬ್ಬಿಸಿದ.

ನನ್ನ ಮನಸ್ಸು ನಿಂತದ್ದು ಅವನ ಮೇಲಲ್ಲ, ಇಂಥ ಕಾವಲು ಮನೆಗಳಲ್ಲಿದ್ದು ಗೇಟು ತೆಗೆಯುತ್ತಿದ್ದವರ ಮೇಲೆ. ಅವರೂ ಬಡವರೇ. ಸಾರೋಟಿನ ಸದ್ದಾದರೆ ಉಣ್ಣುವ ತಟ್ಟೆ ಬಿಟ್ಟು ಓಡಬೇಕು. ಮನೆ ಕೆಲಸದ ಜೊತೆ ಸಿಕ್ಕಿದ್ದು. ಕೆಲಸ ಹೋದರೆ ಮನೆಯೂ ಹೋಯಿತು. ಹಸಿದು ಬಾಗಿಲಿಗೆ ಬಂದವರು ತಮ್ಮದೇ ಜನ. ತೆಗೆದರೆ ತನ್ನ ಮಕ್ಕಳು ಬೀದಿಗೆ. ತೆಗೆಯದಿದ್ದರೆ?

ಉಪಾಸಕರಿಗೆ ಬೇಡವೆಂದು ಬುದ್ಧರು ಹೇಳಿದ ವ್ಯಾಪಾರಗಳು ಐದು: ಆಯುಧ, ಜೀವಿಗಳು, ಮಾಂಸ, ಮದ್ಯ, ವಿಷ. ಗೇಟು ಕಾಯುವುದು ಅದರಲ್ಲಿಲ್ಲ. ಹಾಗಾದರೆ ಅದು ಸಮ್ಯಕ್ ಆಜೀವವೇ? ಬಾಬಾಸಾಹೇಬರು ಶ್ರೇಣೀಕೃತ ಅಸಮಾನತೆಯನ್ನು ವಿವರಿಸಿದ್ದು ಜಾತಿಯ ವಿಚಾರದಲ್ಲಿ. ಐರ್ಲೆಂಡಿನದು ಜಾತಿಯಲ್ಲ, ಅದನ್ನು ಇದಕ್ಕೆ ಸಮ ಮಾಡಲಾರೆ. ಆದರೆ ಕೆಳಗಿನವನನ್ನು ತಡೆಯುವ ಕೆಲಸವನ್ನು ಅವನಿಗಿಂತ ಒಂದೇ ಮೆಟ್ಟಿಲು ಮೇಲಿನವನಿಗೆ ಕೊಡುವ ಉಪಾಯ ಅಲ್ಲಿನ ಒಡೆಯರಿಗೂ ಗೊತ್ತಿತ್ತು.

ಗೇಟಿನವನು ತಪ್ಪಿತಸ್ಥ ಎಂದು ಬರೆದು ಮುಗಿಸಬೇಕೆಂದಿದ್ದೆ. ಆಗಲಿಲ್ಲ. ತಡವಾಗಿ ಬಂದವರನ್ನು ಒಳಗೆ ಬಿಡಬಾರದೆಂಬ ಆದೇಶ ಹಿಡಿದು ಶಾಲೆಯ ಗೇಟಿನಲ್ಲಿ ನಾನೂ ನಿಂತಿದ್ದೇನೆ. ನಮ್ಮದೇ ಕೇರಿಯ ಹುಡುಗಿ. ಅಮ್ಮ ಕೂಲಿಗೆ ಹೋದ ಮೇಲೆ ತಮ್ಮನನ್ನು ಅಂಗನವಾಡಿಗೆ ಬಿಟ್ಟು ಓಡಿ ಬಂದಿದ್ದಳು. "ರೂಲ್ಸು ಕಣಮ್ಮಾ" ಅಂದೆ. ಅವಳು ವಾದ ಮಾಡಲಿಲ್ಲ, ಬ್ಯಾಗು ಸರಿಮಾಡಿಕೊಂಡು ವಾಪಸು ಹೋದಳು. ಆ ತಿಂಗಳೂ ನನ್ನ ಸಂಬಳ ಸರಿಯಾಗಿ ಬಂತು.

ಇವತ್ತು ಬೆಳಿಗ್ಗೆ ಮೈತ್ರಿ ಭಾವನೆಗೆ ಕೂತಾಗ ಮೊದಲು ಬಂದವಳು ಅವಳು. ಕಾವಲು ಮನೆಯವನು ಆಮೇಲೆ ಬಂದ. ಇಬ್ಬರ ಮುಂದೆಯೂ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಭವತು ಸಬ್ಬ ಮಂಗಲಂ. ಜೈಭೀಮ್.