ಪ್ರತಿಕೃತಿಯೂ ಅಚೌರ್ಯವ್ರತವೂ

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ಹೇಳುತ್ತ, ಕೊನೆಯದಾಗಿ ಪ್ರತಿರೂಪಕ ವ್ಯವಹಾರವನ್ನು ಎಣಿಸಿದ್ದಾರೆ. ಹಾಗಾದರೆ ಮಹಾಕಲಾವಿದನೊಬ್ಬನ ಚಿತ್ರವನ್ನು ನೋಡಿ ಅದರಂತೆಯೇ ಬರೆಯುವುದು ವ್ರತಕ್ಕೆ ದೋಷವೇ? ಚಿತ್ರಕಲೆ ಕಲಿಯುವ ಮಕ್ಕಳಿರುವ ಶ್ರಾವಕರ ಮನೆಗಳಲ್ಲಿ ಏಳಬಹುದಾದ ಪ್ರಶ್ನೆಯಿದು.

ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಈ ಪದವನ್ನು ವಿವರಿಸುತ್ತ, ಕೃತಕವಾದ ಚಿನ್ನ ಮೊದಲಾದವುಗಳಿಂದ ವಂಚನೆಯ ವ್ಯಾಪಾರ ನಡೆಸುವುದೆಂದಿದ್ದಾರೆ. ಹೋಲಿಕೆ ಮಾತ್ರದಿಂದ ದೋಷವಿಲ್ಲ. ವಂಚನೆ ಸೇರಿದಾಗ ದೋಷ.

ಮೈಸೂರಿನ ಕೆ. ವೆಂಕಟಪ್ಪನವರು (1886–1965) ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿದ್ದಾಗ, ಲೇಡಿ ಹೆರಿಂಗ್‌ಹ್ಯಾಂ ಅವರ ನೇತೃತ್ವದಲ್ಲಿ ಅಜಂತೆಯ ಭಿತ್ತಿಚಿತ್ರಗಳನ್ನು ಪ್ರತಿಮಾಡಿದ ತಂಡದಲ್ಲಿ ನಂದಲಾಲ ಬೋಸರೊಡನೆ ದುಡಿದರು. ಆ ಪ್ರತಿಗಳು 1915ರಲ್ಲಿ ಗ್ರಂಥರೂಪದಲ್ಲಿ ಬೆಳಕು ಕಂಡವು. ಮೂಲವು ಅಜಂತೆಯದೆಂದು ತಿಳಿಸಿಯೇ ಪ್ರಕಟಿಸಿದ್ದರಿಂದ ಯಾರ ಸೊತ್ತೂ ಅಪಹೃತವಾಗಲಿಲ್ಲ. ಶಿಥಿಲವಾಗುತ್ತಿದ್ದ ಗೋಡೆಗಳ ನೆನಪು ಉಳಿಯಿತು.

ವೆಂಕಟಪ್ಪನವರ ಹೆಸರಿನ ಚಿತ್ರಶಾಲೆ ಇರುವುದು ಬೆಂಗಳೂರು ದಂಡಿನ ಮಗ್ಗುಲಲ್ಲಿ, ಕಸ್ತೂರಬಾ ರಸ್ತೆಯಲ್ಲಿ. ಅಲ್ಲಿಗೆ ಸಮೀಪದ ಹಲಸೂರಿನ ವಿದ್ಯಾರ್ಥಿಯೊಬ್ಬ ಅವರ ಉದಕಮಂಡಲದ ಜಲವರ್ಣದೃಶ್ಯವೊಂದನ್ನು ಪ್ರತಿಮಾಡಿದನೆನ್ನೋಣ. ಆ ಶ್ರಮದಲ್ಲಿ ಅವನು ಕಲಿಯುವುದು ಗುರುವಿನ ತಾಳ್ಮೆಯನ್ನು. ಆದರೆ ಮೂಲೆಯಲ್ಲಿ ಗುರುವಿನ ರುಜುವನ್ನೂ ಅನುಕರಿಸಿದರೆ? ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯವು ಚಿತ್ರಗಳನ್ನು ಪ್ರತಿಮಾಡಲು ಅನುಮತಿ ನೀಡುತ್ತದೆ. ಆದರೆ ಮೂಲದ ಅಳತೆಯನ್ನಾಗಲಿ ರುಜುವನ್ನಾಗಲಿ ಹಾಗೆಯೇ ಇಳಿಸಲು ಬಿಡುವುದಿಲ್ಲ. ಅಭ್ಯಾಸಕ್ಕೂ ವಂಚನೆಗೂ ನಡುವಣ ಗೆರೆ ಅಲ್ಲಿದೆ.

ಇದಕ್ಕಿಂತ ಸೂಕ್ಷ್ಮವಾದ ಪ್ರಸಂಗವೊಂದುಂಟು. ವಿದ್ಯಾರ್ಥಿ ಪ್ರತಿಯೆಂದು ಹೇಳಿಯೇ ಮಾರಿದ. ಕೊಂಡವನು ಕಟ್ಟು ಹಾಕಿಸಿ ಇಂದಿರಾನಗರದ ತನ್ನ ಮನೆಯ ಗೋಡೆಗೆ ತೂಗುಹಾಕಿದ. ಅತಿಥಿಯು “ಇದು ವೆಂಕಟಪ್ಪನವರದೇ?” ಎಂದು ಬೆರಗಾದಾಗ ಗೃಹಸ್ಥನು ಮುಗುಳ್ನಕ್ಕು ಸುಮ್ಮನಾದ. ಸುಳ್ಳಾಡಲಿಲ್ಲ, ಯಾರ ಹಣವೂ ಹೋಗಲಿಲ್ಲ. ಇಲ್ಲಿ ಕಳ್ಳತನವೆಲ್ಲಿ ಎಂದು ಕೇಳಬಹುದು. ಕೊಡದುದನ್ನು ತೆಗೆದುಕೊಳ್ಳುವುದೇ ಕಳ್ಳತನವೆಂದು ಶಾಸ್ತ್ರದ ಲಕ್ಷಣ. ಮೂಲಚಿತ್ರದ ಒಡೆಯನೆಂದು ಭಾವಿಸಿ ಅತಿಥಿ ತೋರಿದ ಗೌರವವನ್ನು ಒಡೆಯನಲ್ಲದವನು ಸ್ವೀಕರಿಸಿದ್ದಾನೆ. ಪ್ರತಿಮಾಡಿದ ಬಡ ವಿದ್ಯಾರ್ಥಿಗೆ ಸಲ್ಲಬೇಕಾದ ಮೆಚ್ಚುಗೆಯೂ ಆ ಮೌನದಲ್ಲಿ ಅಳಿದುಹೋಗಿದೆ.

ಕೃತ, ಕಾರಿತ, ಅನುಮೋದನಗಳೆಂಬ ಮೂರು ಬಗೆಯಲ್ಲೂ ಪಾಪ ಒದಗುತ್ತದೆಂದು ಬಲ್ಲ ಶ್ರಾವಕನು ಮೌನವೂ ಅನುಮೋದನವಾಗಬಲ್ಲುದೆಂಬುದನ್ನು ಮರೆಯಲಾಗದು. ಪರಿಹಾರವೇನೋ ಸುಲಭ: ಕಟ್ಟು ಹಾಕಿದರೂ ಕಾಣುವಂತೆ ಮೂಲಕಲಾವಿದನ ಹೆಸರನ್ನೂ ಪ್ರತಿಮಾಡಿದವನ ಹೆಸರನ್ನೂ ಬರೆಯಿಸುವುದು. ಚತುರ್ದಶಿಯಂದು ಮರೆಯಲ್ಲಿ ಒಂದು ತುತ್ತು ಉಂಡು, ಉಪವಾಸಿಯೆಂದು ಜನ ಕೈಮುಗಿದಾಗ ಸುಮ್ಮನಿರುವವನನ್ನು ಯಾರೂ ವ್ರತಿಯೆನ್ನರು. ಗೋಡೆಯ ಮೇಲಿನ ಚಿತ್ರದ ವಿಷಯದಲ್ಲೂ ಅಳತೆಗೋಲು ಅದೇ.